ಅಮೆರಿಕಾ ಪೆಟ್ಟಿಗೆಯ ವಾರಸುದಾರರು

ನಾನು ಸೊಸೆಯಾಗಿ ದಾವಣಗೆರೆಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಮನೆಯ ಪಡಸಾಲೆಯ ಅರ್ಧ ಜಾಗವನ್ನು ಕಬ್ಬಿಣದ ಪಟ್ಟಿ ಬಡಿದ ಒಂದು ಮರದ ಪೆಟ್ಟಿಗೆ ಹಿಡಿದುಕೊಂಡಿತ್ತು. ಮುಚ್ಚಳದ ಒಳಮೈಯಲ್ಲಿ ಅಮೆರಿಕಾದ ಯಾವುದೋ ಊರಿನ ಹೆಸರು ಕೊರೆದಿತ್ತು. ಒಳಗಿದ್ದದ್ದು ಹಳೇ ಕೌದಿಗಳು. ಬಂದವರಿಗೆಲ್ಲ ಮೊದಲು ನೀರು, ಆಮೇಲೆ ಪೆಟ್ಟಿಗೆಯ ಕಥೆ.

ಕಥೆ ಹೇಳುತ್ತಿದ್ದವರು ನಮ್ಮ ಮಾವ. ಹತ್ತಿ ಬೆಳೆಯುವುದನ್ನು ಕಲಿಸಲು ಧಾರವಾಡದ ಕಡೆಗೆ ಬಂದಿದ್ದ ಅಮೆರಿಕಾದ ಸಾಹೇಬನೊಬ್ಬ, ಕೊನೆಗೆ ಮಾವನ ಅಜ್ಜನಿಂದಲೇ ಹತ್ತಿಯ ವಿಷಯ ಕಲಿತು, ಮೆಚ್ಚಿ ಪೆಟ್ಟಿಗೆ ಕೊಟ್ಟುಹೋದನಂತೆ. ಹರಿಹರಕ್ಕೆ ಕೊಟ್ಟಿದ್ದ ಮಾವನ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ಇದನ್ನು ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ಪೆಟ್ಟಿಗೆ ಅವರ ತಾಯಿ ತವರಿಂದ ತಂದದ್ದು. ತಾಯಿಯದು ಮಗಳಿಗೇ ಸೇರಬೇಕು. ಹಬ್ಬಕ್ಕೆ ಒಬ್ಬರ ಮನೆಗೊಬ್ಬರು ಹೋಳಿಗೆ ಕಳಿಸುತ್ತಿದ್ದ ಅಕ್ಕ ತಮ್ಮ, ಪೆಟ್ಟಿಗೆಯ ಮಾತು ಬಂದರೆ ಊಟದೆಲೆ ಬಿಟ್ಟು ಏಳುತ್ತಿದ್ದರು.

ಒಂದು ಯುಗಾದಿಗೆ ಬಂದ ದೊಡ್ಡತ್ತೆ ನೇರವಾಗಿ ಪೆಟ್ಟಿಗೆಯ ಮೇಲೆ ಕೂತರು. ಇತ್ಯರ್ಥ ಆಗುವವರೆಗೂ ಏಳುವುದಿಲ್ಲ ಎಂದು ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಸಂಜೆಯ ಹೊತ್ತಿಗೆ ಮಾವ ಸೋತು ನನ್ನ ಕಡೆ ತಿರುಗಿದರು.

“ನೀನು ಮೆಟ್ರಿಕ್ ಓದಿದಾಕಿ. ಯಾರ ಪಕ್ಷಾನೂ ಅಲ್ಲ. ಹಳಬರನ್ನ ಕೇಳ್ಕೊಂಡು ಬಾ.”

“ಹರಿಹರದಾಗೆ ನಮ್ಮ ಓಣಿಯಾಗೆ ಸಾಬರ ಮನೆ ಅಜ್ಜಿ ಅದಾಳೆ,” ಅಂದರು ದೊಡ್ಡತ್ತೆ. “ನಮ್ಮ ಅವ್ವನ್ನ ಕಂಡಾಕಿ. ಆಕಿ ಹೇಳಿದ್ದೇ ಖರೆ.”

ಆ ಅಜ್ಜಿಯ ಮನೆಯವರು ಹಿಂದೆ ನಮ್ಮವರ ಹತ್ತಿಯನ್ನು ಗಾಡಿಯಲ್ಲಿ ಸಾಗಿಸುತ್ತಿದ್ದವರು. ಹಾಗಾಗಿ ಮಾವನೂ ಒಪ್ಪಿದರು. ದೊಡ್ಡತ್ತೆ ಪೆಟ್ಟಿಗೆಯ ಮೇಲೇ ಕೌದಿ ಹಾಸಿಕೊಂಡರು.

ಮರುದಿನ ನಾನೂ ನನ್ನ ಯಜಮಾನರೂ ರೈಲಿನಲ್ಲಿ ಹರಿಹರಕ್ಕೆ ಹೋದೆವು. ಅಜ್ಜಿ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು.

“ಆ ಪೆಟ್ಟಿಗೆ ಇನ್ನೂ ಐತಾ? ಗೆದ್ದಲು ತಿನ್ಲಿಲ್ಲ?” ಎಂದು ಬೆರಗಾದರು. “ಅದು ನಮ್ದು ಕಣಮ್ಮ. ಸಾಹೇಬ ಊರು ಬಿಡೋವಾಗ ಸಾಮಾನೆಲ್ಲ ಹರಾಜು ಹಾಕ್ದ. ನಮ್ಮ ಮಾವನ ಅಪ್ಪ ಇದನ್ನ ಕೊಂಡು ಗಾಡಿ ಮ್ಯಾಲೆ ಹೇರ್ಕೊಂಡು ಬಂದ್ರು. ನಮ್ಮ ಬಾಗ್ಲಾಗೆ ಹಿಡೀಲಿಲ್ಲ. ನಾಕು ದಿನ ಇರ್ಲಿ ಅಂತ ದಾವಣಗೆರೆಗೆ ಒಯ್ದು ನಿಮ್ಮನ್ಯಾಗೆ ಇಟ್ರು.”

“ಸಾಹೇಬ ಅದರಾಗೆ ಏನಿಡ್ತಿದ್ದ ಅಜ್ಜಿ?” ಅಂದೆ.

“ಬೂಟು.”

ಯಜಮಾನರು ತಲೆ ಕೆರೆದುಕೊಂಡು, “ವಾಪಸ್ ಕಳಿಸ್ಬೇಕೇನ್ರಿ?” ಎಂದರು.

“ಬ್ಯಾಡಪ್ಪ. ಬಾಗ್ಲು ಹಂಗೇ ಐತೆ.”

ಮನೆಗೆ ಬಂದು ಕೇಳಿದ್ದನ್ನೆಲ್ಲ ಹೇಳಿದೆ. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು.

“ಅಜ್ಜಿಗೆ ವಯಸ್ಸಾತು, ಅಕ್ಕ.”

“ಹೂಂ. ಮೊನ್ನೆ ನನ್ನ ಗುರುತೇ ಹಿಡೀಲಿಲ್ಲ ಆಕಿ.”

“ಬೂಟಂತೆ,” ಅಂದರು ಮಾವ. ಪೆಟ್ಟಿಗೆ ತಮ್ಮದಲ್ಲ ಅನ್ನುವುದಕ್ಕಿಂತ ಈ ಮಾತೇ ಅವರನ್ನು ಹೆಚ್ಚು ನೋಯಿಸಿದಂತಿತ್ತು.

ರಾತ್ರಿ ಊಟದ ಹೊತ್ತಿಗೆ ಹೊಸ ಇತಿಹಾಸ ತಯಾರಾಯಿತು. ಸಾಹೇಬ ಪೆಟ್ಟಿಗೆಯನ್ನು ಕೊಟ್ಟದ್ದು ಅಜ್ಜನಿಗೇ. ಅಜ್ಜ ಅದನ್ನು ಮಗನ ಮದುವೆಗೆ ಮೊದಲು ಬೀಗರ ಮನೆಗೆ ಕಳಿಸಿದ್ದ. ಸೊಸೆ, ಅಂದರೆ ಇವರಿಬ್ಬರ ತಾಯಿ, ಅದನ್ನೇ ತವರಿಂದ ತಂದಳು. ಇಬ್ಬರದೂ ನಿಜವಾಯಿತು. ದೊಡ್ಡತ್ತೆ ಪೆಟ್ಟಿಗೆಯಿಂದ ಇಳಿದು ಬಂದು ತಮ್ಮನ ಪಕ್ಕದಲ್ಲಿ ಉಂಡರು. ಅಷ್ಟು ದೂರ ಹೋಗಿ ವಿಚಾರಿಸಿ ಬಂದವಳನ್ನು ಯಾರೂ ಒಂದು ಮಾತು ಕೇಳಲಿಲ್ಲವೆಂದು ನನಗೆ ಸಿಟ್ಟು ಬಂದಿತ್ತು. ಆದರೆ ಇಬ್ಬರೂ ನಗುತ್ತಿದ್ದರು. ನಾನು ಸುಮ್ಮನೆ ತುಪ್ಪ ಬಡಿಸಿದೆ.

ಕೆಲವು ತಿಂಗಳ ಮೇಲೆ ಕಣ್ಣು ತೋರಿಸಲು ದಾವಣಗೆರೆಗೆ ಬಂದ ಅಜ್ಜಿ ನಮ್ಮ ಮನೆಗೂ ಬಂದರು. ನೀರು ಕುಡಿದದ್ದೇ ತಡ, ಮಾವ ಅಭ್ಯಾಸಬಲದಿಂದ ಕಥೆ ಶುರು ಮಾಡಿಬಿಟ್ಟರು. ಕೇಳುತ್ತಿರುವವರು ಯಾರೆಂದು ನಡುವೆ ಹೊಳೆದಿರಬೇಕು, ದನಿ ಸಣ್ಣದಾಯಿತು. ಆದರೂ ಮುಗಿಸಿದರು.

ಅಜ್ಜಿ ಪೂರ್ತಿ ಕೇಳಿಸಿಕೊಂಡರು. “ಭಾಳ ಚಲೋ ಐತ್ರಿ,” ಅಂದರು. “ನಮ್ಮ ಮಾವ ಇದ್ದಿದ್ರೆ ಕೇಳಿ ಖುಷಿ ಪಡ್ತಿದ್ರು.”

ಮಾವ ಎದ್ದು ಅವರ ಲೋಟಕ್ಕೆ ತಾವೇ ಚಹಾ ಬಗ್ಗಿಸಿದರು. ಆ ಮನೆಯಲ್ಲಿ ಅವರು ಯಾರಿಗಾದರೂ ಚಹಾ ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.