ರುಚಿ ತಿಳಿಯದವಳ ಬ್ಲಾಗ್

ನನ್ನ ಗಂಡ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಮನೆಗೆ ಬಂದವರೆಲ್ಲ ನನ್ನ ಮುಖ ನೋಡುತ್ತ ಕಾಯುತ್ತಿದ್ದರು. ಚಿಕ್ಕಮ್ಮ ಪಕ್ಕದಲ್ಲಿ ಕೂತು, "ಅತ್ತುಬಿಡು ಮಾರಾಯ್ತಿ, ಒಳಗೇ ಇಟ್ಕೊಂಡ್ರೆ ಒಳ್ಳೇದಲ್ಲ" ಎಂದರು. ಒಳಗೆ ಏನೂ ಇರಲಿಲ್ಲ. ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ತಲೆಯಾಡಿಸಿದೆ. ಕಾರ್ಯಗಳೆಲ್ಲ ಮುಗಿದ ಮೇಲೆ ಕೆಲಸಕ್ಕೆ ಹೋಗತೊಡಗಿದೆ. ಸಾಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ರಿಪ್ಪನ್‌ಪೇಟೆಯಿಂದ ದಿನವೂ ಬಸ್ಸಿನಲ್ಲಿ ಓಡಾಟ.

ಗಂಡನ ಒಂದು ಅಂಗಿ ಬಾಗಿಲ ಹಿಂದಿನ ಮೊಳೆಯಲ್ಲಿ ಹಾಗೇ ನೇತಾಡುತ್ತಿತ್ತು. ಒಂದು ಬೆಳಿಗ್ಗೆ ಅದನ್ನು ತೆಗೆದು ಮೂಗಿಗೆ ಹಿಡಿದೆ. ಬೆವರಿಲ್ಲ, ಸೋಪಿಲ್ಲ, ಅವರೂ ಇಲ್ಲ. ನನ್ನ ಮೂಗೇ ಕೆಟ್ಟಿರಬೇಕು ಅನ್ನಿಸಿತು. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ 'ವಾಸನೆ ಗೊತ್ತಾಗುವುದಿಲ್ಲ' ಎಂದು ಕನ್ನಡದಲ್ಲೇ ಹುಡುಕಿದೆ. ಆಸ್ಪತ್ರೆಗಳ ಜಾಹೀರಾತುಗಳು ಬಂದವು, ಮನೆಮದ್ದಿನ ವಿಡಿಯೊಗಳು ಬಂದವು. ಅವೆಲ್ಲದರ ಕೆಳಗೆ, ಯಾರೂ ಹೋಗಿ ನೋಡದಷ್ಟು ಕೆಳಗೆ, ಒಂದು ಬ್ಲಾಗ್ ಇತ್ತು.

ಬರೆಯುತ್ತಿದ್ದವರು ತೀರ್ಥಹಳ್ಳಿ ಕಡೆಯ ಒಬ್ಬ ಹೆಂಗಸು. ಜ್ವರವೊಂದು ಬಂದು ಹೋದ ಮೇಲೆ ಅವರಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಆದರೆ ಅವರು ದಿನವೂ ಅಡಿಗೆ ಮಾಡುತ್ತಿದ್ದರು, ಮಾಡಿದ್ದನ್ನು ಬರೆಯುತ್ತಿದ್ದರು. "ಇವತ್ತು ಕೆಸುವಿನ ಸೊಪ್ಪು. ಹುಳಿ ಎಷ್ಟು ಹಾಕಬೇಕೆಂದು ಕೈಗೆ ನೆನಪಿದೆ. ಬಾಯಿಗೆ ಹಾಕಿಕೊಂಡರೆ ಬಿಸಿ, ಮೆತ್ತಗೆ, ಅಷ್ಟೇ." ಇನ್ನೊಂದು ದಿನ, "ಹಾಲು ಸೀದು ತಳ ಹಿಡಿದಿತ್ತು. ನಾನು ಅಲ್ಲೇ ನಿಂತಿದ್ದೆ." ಗೋಳಿಲ್ಲ, ಉಪದೇಶವಿಲ್ಲ. ನಾನು ಇಳಿಯುವ ನಿಲ್ದಾಣ ಬಂದಾಗ ಕಂಡಕ್ಟರ್ ಕರೆದು ಹೇಳಬೇಕಾಯಿತು.

ನನ್ನ ಮೂಗು ಸರಿಯಾಗಿಯೇ ಇತ್ತು. ಲ್ಯಾಬಿನ ಬಾಗಿಲು ತೆರೆದರೆ ಸ್ಪಿರಿಟ್ ವಾಸನೆ ಮುಖಕ್ಕೆ ಹೊಡೆಯಿತು. ಆದರೂ ಮರುದಿನ ಬಸ್ಸಿನಲ್ಲಿ ಮತ್ತೆ ಅದನ್ನೇ ತೆರೆದೆ. ಹಳೆಯದನ್ನೆಲ್ಲ ಮೊದಲಿನಿಂದ ಓದಿದೆ. ಪುಟದ ಬದಿಯಲ್ಲಿ ಅವರು ಓದುವ ಬ್ಲಾಗುಗಳ ಕೊಂಡಿಗಳಿದ್ದವು. ಒಂದರಲ್ಲಿ ನಿವೃತ್ತ ಬಸ್ ಚಾಲಕರೊಬ್ಬರು ತಾವು ಓಡಿಸಿದ ದಾರಿಯ ಒಂದೊಂದು ತಿರುವಿನ ಬಗ್ಗೆಯೂ ಬರೆಯುತ್ತಿದ್ದರು. ಕೆಳದಿಯ ದಾರಿಯಲ್ಲಿ ಮಂಜು ಮುಸುಕಿದಾಗ ಮುಂದಿನ ಲಾರಿಯ ಕೆಂಪು ದೀಪವನ್ನೇ ಹಿಡಿದು ಹೋದದ್ದು ಅದರಲ್ಲಿತ್ತು. ಇನ್ನೊಂದು, ಹೊಸನಗರದ ಯಾರೋ ಬರೆಯುತ್ತಿದ್ದದ್ದು, "ಉಳಿದದ್ದು ನಾಳೆ" ಎಂಬಲ್ಲಿಗೆ ನಿಂತು ವರ್ಷಗಳಾಗಿದ್ದವು. ಅವರಿಗೆ ಏನಾಯಿತೋ ಗೊತ್ತಿಲ್ಲ. ಗೊತ್ತಾಗಬೇಕೆಂದು ನನಗೆ ಅನ್ನಿಸಲೂ ಇಲ್ಲ. ಆದರೂ ಆಗಾಗ ಹೋಗಿ ನೋಡುತ್ತಿದ್ದೆ.

ಅಡಿಗೆಯ ಬ್ಲಾಗಿಗೆ ನಾನು ಒಂದೇ ಒಂದು ಸಲ ಕಮೆಂಟ್ ಹಾಕಿದೆ: "ನನಗೆ ರುಚಿ ಗೊತ್ತಾಗುತ್ತದೆ. ಆದರೆ ಏನು ತಿಂದರೂ ಒಂದೇ." ಸಂಜೆಗೆ ಉತ್ತರ ಬಂತು: "ಹಾಗಾದರೆ ಒಮ್ಮೆ ನಮ್ಮನೆಗೆ ಬನ್ನಿ. ನನಗೊಂದು ನಾಲಿಗೆ ಬೇಕಾಗಿದೆ. ಮನೆಯವರನ್ನು ಕೇಳಿದರೆ ಎಲ್ಲಾ ಚೆನ್ನಾಗಿದೆ ಅಂತಾರೆ." ಆಮೇಲೆ ಮೇಲ್‌ನಲ್ಲಿ ಮನೆಯ ದಾರಿ ತಿಳಿಸಿದರು.

ಭಾನುವಾರ ಹೋದೆ. ಯಾಕೆ ಹೋದೆ ಎಂದರೆ, ಭಾನುವಾರ ಮನೆಯಲ್ಲಿ ಮಾಡುವುದು ಏನೂ ಇರಲಿಲ್ಲ. ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಮೇಳಿಗೆಯಲ್ಲಿ ಇಳಿದೆ. ರಸ್ತೆ ಬದಿಯಲ್ಲೇ ಮನೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬಹುದು, ಗಟ್ಟಿ ಮೈಕಟ್ಟಿನ ಹೆಂಗಸು, ಗೇಟಿಗೇ ಬಂದರು.

"ಬಂದ್ರಾ? ನಾನು ವಯಸ್ಸಾದೋರು ಯಾರೋ ಇರ್ಬೇಕು ಅಂದ್ಕೊಂಡಿದ್ದೆ."

ನಾನು ಅಕ್ಕ ಎಂದು ಕರೆದೆ. ಅವರ ಗಂಡ ಹೊರಗಿನ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಸಣಕಲು ಮನುಷ್ಯ, ಮಾತು ಕಡಿಮೆ. ಅಡಿಗೆಮನೆಯ ಕಟ್ಟೆಯ ಮೇಲೆ ಸಣ್ಣ ಡಬ್ಬಿಗಳಲ್ಲಿ ಲವಂಗ, ನಿಂಬೆ ಸಿಪ್ಪೆ, ಏಲಕ್ಕಿ ಇದ್ದವು. ಡಾಕ್ಟರು ದಿನವೂ ಮೂಸಿ ನೋಡಲು ಹೇಳಿದ್ದಾರಂತೆ. "ಎಂತದೂ ಬರಲ್ಲ. ಆದ್ರೂ ಮೂಸ್ತೀನಿ. ಹಲ್ಲುಜ್ಜಿದ ಹಾಗೆ" ಎಂದರು.

ಊಟಕ್ಕೆ ಮೂವರೂ ಕೂತೆವು. ಮೊದಲ ತುತ್ತು ಬಾಯಿಗಿಟ್ಟೆ. ಸಾರು ಉಪ್ಪೋ ಉಪ್ಪು. ಪಲ್ಯವೂ ಹಾಗೇ. ತಲೆಯೆತ್ತಿ ನೋಡಿದರೆ ಅವರ ಗಂಡ ನನ್ನನ್ನೇ ನೋಡುತ್ತಿದ್ದರು. ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದರು.

"ಹೇಳಿ, ಹೆಂಗಿದೆ?" ಎಂದರು ಅಕ್ಕ.

ಬೇರೆ ಯಾವಾಗಲಾದರೂ ಆಗಿದ್ದರೆ ನಾನು ಅವರ ಗಂಡನ ಮುಖ ನೋಡಿ ಸುಮ್ಮನಾಗುತ್ತಿದ್ದೆನೋ ಏನೋ. ಆಗ ನನಗೆ ಯಾರ ಮುಖವೂ ತಟ್ಟುತ್ತಿರಲಿಲ್ಲ. "ಉಪ್ಪು ಜಾಸ್ತಿಯಾಗಿದೆ ಅಕ್ಕ. ತುಂಬಾ ಜಾಸ್ತಿ" ಎಂದೆ.

ಅವರು ಗಂಡನ ಕಡೆ ತಿರುಗಿದರು. "ಇವತ್ತು ಮಾತ್ರನಾ?"

ಗಂಡ ಅನ್ನ ಕಲೆಸುತ್ತ ಕೂತರು.

"ಕೇಳಿದ್ದಕ್ಕೆ ಹೇಳಿ. ಇವತ್ತು ಮಾತ್ರನಾ, ಯಾವಾಗ್ಲೂನಾ?"

"ಒಂದೊಂದ್ಸಲ."

"ನಿಮಗೆ ಬಿಪಿ ಇದೆಯಾ?" ಎಂದು ನಾನು ಅವರ ಗಂಡನನ್ನು ಕೇಳಿದೆ. ಅದು ಕೆಲಸದ ಅಭ್ಯಾಸ. ಅವರು ಹೂಂ ಎಂದರು.

ಅಕ್ಕ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. "ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ನೀವು?"

"ಹೇಳಿದ್ರೆ ನೀನು ಅಡಿಗೆ ಮಾಡೋದೇ ಬಿಡ್ತಿದ್ದೆ" ಎಂದರು ಅವರು. "ಅಡಿಗೆ ಬಿಟ್ರೆ ಬರಿಯೋದೂ ಬಿಡ್ತಿದ್ದೆ."

ಇಲ್ಲಿ ನನಗೆ ಏನಾದರೂ ಅನ್ನಿಸಬೇಕಿತ್ತು, ಅದು ನನಗೆ ಗೊತ್ತಿತ್ತು. ಮೆಷಿನ್ನು ತೋರಿಸುವ ಅಂಕಿಯನ್ನು ಓದಿಕೊಳ್ಳುವ ಹಾಗೆ ಅವರಿಬ್ಬರನ್ನೂ ನೋಡಿದೆ, ಅಷ್ಟೇ. ಅಕ್ಕ ಎದ್ದುಹೋಗಿ ಉಪ್ಪಿನ ಡಬ್ಬಿ ತಂದು ಗಂಡನ ಎದುರಿಗಿಟ್ಟರು. "ಇನ್ಮೇಲೆ ಉಪ್ಪು ಹಾಕೋದು ನಿಮ್ಮ ಕೆಲಸ" ಎಂದರು. ಕಣ್ಣು ಒರೆಸಿಕೊಂಡು ನನ್ನ ತಟ್ಟೆಗೆ ಮೊಸರು ಬಡಿಸಿದರು.

ಪಾತ್ರೆ ತೊಳೆಯುವಾಗ ನಾನೂ ಕೈ ಹಾಕಿದೆ. "ನಿನಗೆ ಎಂತ ಆಗಿದ್ದು?" ಎಂದು ಕೇಳಿದರು. ಗಂಡ ಹೋದದ್ದನ್ನು, ಅಂಗಿಯನ್ನು, ಅಳು ಬಾರದ್ದನ್ನು ಹೇಳಿದೆ. ಅವರು ಸಮಾಧಾನದ ಮಾತು ಆಡಲಿಲ್ಲ. "ಅಂಗಿ ಒಗೆದ್ಯಾ?" ಎಂದರು.

"ಇಲ್ಲ."

"ಒಗೀಬೇಡ. ಇರ್ಲಿ" ಎಂದು ಇನ್ನೊಂದು ಪಾತ್ರೆ ಕೊಟ್ಟರು.

ಮರುದಿನದ ಬ್ಲಾಗಿನಲ್ಲಿ, "ನಿನ್ನೆ ಒಬ್ಬರು ಬಂದು ನಿಜ ಹೇಳಿ ಹೋದರು. ಈಗ ಉಪ್ಪು ಇವರ ಕೈಯಲ್ಲಿದೆ. ಒಲೆಯ ಹತ್ತಿರ ಇಬ್ಬರಿಗೆ ಜಾಗ ಸಾಲುವುದಿಲ್ಲ" ಎಂದಿತ್ತು. ಆಮೇಲೆ ನಾನು ಬಿಡುವಾದ ಭಾನುವಾರಗಳಲ್ಲಿ ಹೋಗತೊಡಗಿದೆ. ತಿನ್ನುತ್ತಿದ್ದೆ, ಇದ್ದದ್ದನ್ನು ಹೇಳುತ್ತಿದ್ದೆ. ಅವರೇ ಒತ್ತಾಯ ಮಾಡಿ ನನ್ನ ಹೆಸರಿನಲ್ಲೂ ಒಂದು ಬ್ಲಾಗ್ ತೆರೆಸಿದರು. ಮೊದಲನೆಯ ಬರಹ ರಕ್ತ ತೆಗೆಯಲು ನರ ಸಿಗದ ಮುದುಕಿಯೊಬ್ಬಳ ಬಗ್ಗೆ. ನನ್ನ ಕೈ ಹಿಡಿದು "ಚುಚ್ಚು ಮಗಾ, ಹೆದರ್ಬೇಡ" ಎಂದು ಅವಳೇ ನನಗೆ ಧೈರ್ಯ ಹೇಳಿದ್ದಳು. ಗಂಡನ ಬಗ್ಗೆ ಇನ್ನೂ ಬರೆದಿಲ್ಲ. ಒಂದೆರಡು ಸಲ ಕೂತೆ, ಅವರ ಊರು ಮತ್ತು ಕೆಲಸ ಬರೆದ ಮೇಲೆ ಮುಂದಕ್ಕೆ ಏನೂ ಹೊಳೆಯಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಲ್ಯಾಬಿಗೆ ಫೋನ್ ಬಂತು. "ಮಾರಾಯ್ತಿ, ಕಾಫಿ ಸುಟ್ಟ ರಬ್ಬರ್ ಥರ ವಾಸ್ನೆ ಬಂತು!" ಅಕ್ಕ ನಗುತ್ತಿದ್ದರು. ಜ್ವರದಿಂದ ಹೋದ ವಾಸನೆ ಮರಳುವಾಗ ಮೊದಲು ಹೀಗೆ ತಪ್ಪುತಪ್ಪಾಗಿ ಬರುವುದುಂಟು ಎಂದು ಡಾಕ್ಟರು ಹೇಳಿದರಂತೆ. "ಕೆಟ್ಟದ್ದೇ ಆಗ್ಲಿ, ಬಂತಲ್ಲ. ಇವ್ರು ಪಾಪ, ನಂಗೋಸ್ಕರ ಕಾಫಿ ಬಿಟ್ಟು ಟೀ ಶುರು ಮಾಡಿದಾರೆ."

"ಒಳ್ಳೇದಾಯ್ತು ಅಕ್ಕ" ಎಂದೆ.

"ನಿಂಗೆ?" ಎಂದರು.

"ಇನ್ನೂ ಇಲ್ಲ."

"ಸರಿ" ಎಂದರು. "ಭಾನುವಾರ ಬಾ. ಕಡುಬು ಮಾಡ್ತೀನಿ."

ಹೋದೆ. ಕಡುಬು ಮೆತ್ತಗಿತ್ತು, ಚಟ್ನಿಗೆ ಖಾರ ಸ್ವಲ್ಪ ಕಡಿಮೆ. ಹಾಗೆಂದು ಹೇಳಿ ಇನ್ನೊಂದು ಹಾಕಿಸಿಕೊಂಡೆ.