ತಾಯಿಯ ಪಾಪ ಹೇಳಿ ಮೇಲೆ ಬಂದವನು

ಆರ್ಚ್‌ಡೀಕನ್ ಎರಿಸಫಾನಿ ಹತ್ತಾರು ಗುಡ್ಡಗಳ ಚರ್ಚುಗಳಿಗೆಲ್ಲ ಯಜಮಾನ. ಬಿಷಪ್ಪನಾಗಲು ಒಂದೇ ಮೆಟ್ಟಿಲು ಬಾಕಿ. ಅವನನ್ನು ಅಲ್ಲಿಗೆ ಏರಿಸಿದ್ದು ಓದೂ ಅಲ್ಲ, ಭಕ್ತಿಯೂ ಅಲ್ಲ, ಹೆತ್ತವಳ ಪಾಪ. ಕೆಮಿರೆಂಬೆಗೆ ಇದು ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಆ ಹೆತ್ತವಳು ಅವಳೇ.

ಕಿಗೇಜಿಯ ಗುಡ್ಡಗಳಲ್ಲಿ ದೇವರಿಂದ ರಕ್ಷಣೆ ಹೊಂದಿದೆವೆನ್ನುವವರು ಚರ್ಚಿನ ಸಭೆಯಲ್ಲಿ ಎದ್ದು ನಿಂತು ಪಾಪ ಒಪ್ಪಿಕೊಂಡು ಸಾಕ್ಷಿ ಹೇಳಬೇಕು; ಪಾಪ ದೊಡ್ಡದಾದಷ್ಟೂ ಸಾಕ್ಷಿಗೆ ಬೆಲೆ. ಎರಿಸಫಾನಿಗೆ ಹೇಳಿಕೊಳ್ಳಲು ಪಾಪವೇ ಇರಲಿಲ್ಲ. ಪಾಪ ಮಾಡಲೂ ಒಂದಿಷ್ಟು ಎದೆಗಾರಿಕೆ ಬೇಕಲ್ಲ! ಅದಕ್ಕೇ ಅವ್ವನದನ್ನು ಎತ್ತಿಕೊಂಡ. "ನಾನು ಕುಡುಕನ ಮೂರನೇ ಹೆಂಡತಿಯ ಮಗ, ಹೆಂಡದ ಗಡಿಗೆಯ ಪಕ್ಕ ಹುಟ್ಟಿದವನು" ಎಂದು ಮೊದಲ ಸಲ ಅತ್ತಾಗ ಉಪದೇಶಿಯಾದ. ಅವಳೂ ಕುಡಿಯುತ್ತಿದ್ದಳೆಂದು ಸೇರಿಸಿದ ವರ್ಷ ಪಾದ್ರಿಯಾದ. ಕುಡಿಯಲು ಬರುತ್ತಿದ್ದ ಗಂಡಸರ ಸುದ್ದಿ ಎತ್ತಿ, ಉಳಿದದ್ದನ್ನು ಅಳುವಿನ ಬಿಕ್ಕಳಿಕೆಗೆ ಬಿಟ್ಟ ಮೇಲೆ ಆರ್ಚ್‌ಡೀಕನ್ ಆದ. ಕೆಮಿರೆಂಬೆ ತೊಟ್ಟು ಹೆಂಡ ಬಾಯಿಗಿಟ್ಟವಳಲ್ಲ. ಜೋಳ ಮೊಳಕೆ ಕಟ್ಟಿ, ಬೀಸಿ, ಕುದಿಸಿ, ಹೆಂಡ ಮಾಡಿ ಮಾರಿ ಇವನನ್ನು ಓದಿಸಿದ್ದಳು. ಆ ಮಾತು ಸಾಕ್ಷಿಯಲ್ಲಿ ಒಮ್ಮೆಯೂ ಬರಲಿಲ್ಲ. ಉಂಡ ಮನೆಯ ಜಂತೆ ಎಣಿಸುವವರುಂಟು. ಇವನು ಜಂತೆಯನ್ನೇ ಕಿತ್ತು ಏಣಿ ಮಾಡಿಕೊಂಡ.

ದೂರದ ಊರುಗಳಲ್ಲಿ ಅವನು ಏನು ಒದರಿದರೂ ಅವಳು ಸುಮ್ಮನಿದ್ದಳು. ಆದರೆ ಹೊಸ ಬಿಷಪ್ಪನನ್ನು ಆರಿಸುವ ವರ್ಷ ಮಹಾಸಭೆ ಅವಳ ಗುಡ್ಡಕ್ಕೇ ಬಂತು. ಇಲ್ಲಿ ಸೊಸೆಯಂದಿರು, ಮೊಮ್ಮಕ್ಕಳು ಕೂತು ಕೇಳುತ್ತಾರೆ. ಅವಳಿಗೆ ಉಳಿದದ್ದು ಇವರ ಕಣ್ಣಲ್ಲಿದ್ದ ಮರ್ಯಾದೆಯೊಂದೇ. ಹಿಂದಿನ ದಿನ ಮಗನ ಮುಂದೆ ಹೋಗಿ ನಿಂತಳು.

"ಎಲ್ಲೆಲ್ಲೋ ಹೇಳ್ಕೊಂಡೆ, ಸುಮ್ನಿದ್ದೆ. ಇಲ್ಲಿ ಬ್ಯಾಡ ಕಣೋ ಮಗಾ. ನಾನು ಇವ್ರ ಮುಂದೆ ಮುಖ ಎತ್ಕೊಂಡು ಓಡಾಡ್ಬೇಕು."

ಎರಿಸಫಾನಿ ಬಿಳಿ ಕಾಲರು ಸರಿಮಾಡಿಕೊಂಡ. "ಅವ್ವಾ, ಸಾಕ್ಷಿ ನಂದಲ್ಲ, ದೇವ್ರದು."

"ಹಂಗಾದ್ರೆ ದೇವ್ರ ತಾಯಿ ಸುದ್ದಿ ಹೇಳು, ನಿಮ್ಮವ್ವನ್ನ ಬಿಡು."

ಮಾರನೆಯ ದಿನ ಅವನು ಹೆಂಡ, ಗಂಡಸರು, ಬಿಕ್ಕಳಿಕೆ ಒಂದನ್ನೂ ಬಿಡಲಿಲ್ಲ. ಮುಂದಿನ ಸಾಲಿನ ದೊಡ್ಡವರು ಕಣ್ಣೊರೆಸಿಕೊಂಡರು. ಸೊಸೆಯಂದಿರು ತಲೆ ತಗ್ಗಿಸಿದರು. ಮೊಮ್ಮಗಳೊಬ್ಬಳು ಅಜ್ಜಿಯ ಪಕ್ಕದಿಂದ ಸರಿದು ಕೂತಳು. ಅಷ್ಟು ಸಾಕಾಯಿತು, ಕೆಮಿರೆಂಬೆ ಎದ್ದು ನಿಂತಳು.

"ನಂದೂ ಒಂದು ಪಾಪ ಐತೆ. ಹೆಂಡ ಕಾಸಿದ್ದು ದಿಟ. ಕುಡ್ದಿಲ್ಲ, ಯಾವ ಗಂಡ್ಸಿಗೂ ಬಾಗ್ಲು ತೆಗ್ದಿಲ್ಲ. ಬೇಕಾದ್ರೆ ಕೇಳಿ, ಕುಡಿಯಕ್ಕೆ ಬರ್ತಿದ್ದೋರು ಇಲ್ಲೇ ಕೂತವ್ರೆ."

"ಹೌದವ್ವಾ," ಎಂದ ಹಿಂದಿನಿಂದ ಒಬ್ಬ ಮುದುಕ. "ಕುಡ್ದು ಎದ್ದೋಗ್ರೋ ಅಂತ ಪೊರಕೆ ಎತ್ತೋಳು!"

"ಆ ಕಾಸಲ್ಲಿ ಒಂದು ಹಸ ಕಟ್ಬೋದಿತ್ತು. ಇವನ್ನ ಓದ್ಸಿಬಿಟ್ಟೆ. ಅದೇ ನನ್ ಪಾಪ. ದೇವ್ರು ಕ್ಷಮಿಸ್ಲಿ."

ಪಾಪ ಒಪ್ಪಿಕೊಂಡವರನ್ನು ಸಭೆ ಹಾಡುತ್ತ ಅಪ್ಪಿಕೊಳ್ಳಲೇಬೇಕು. ಜನ ನಗು ತಡೆಯುತ್ತ ಸ್ತುತಿ ಹಾಡಿದರು. ಮೊಮ್ಮಗಳೇ ಮೊದಲು ಬಂದು ತಬ್ಬಿದಳು. ಅಪ್ಪದೆ ಕೂತರೆ ಬಿಷಪ್ಪನ ಕುರ್ಚಿ ಸಿಕ್ಕೀತೇ? ಎರಿಸಫಾನಿ ವೇದಿಕೆ ಇಳಿದು ಬಂದ. ಎಲ್ಲರ ಕಣ್ಣೆದುರು ಅವ್ವನನ್ನು ಅಪ್ಪಿ, ತನ್ನನ್ನು ಓದಿಸಿದ ಪಾಪ ಕಳೆಯಿತೆಂದು ದೇವರನ್ನು ಗಟ್ಟಿಯಾಗಿ ಹಾಡಿ ಹೊಗಳಿದ.