ತೊಳೆಯದ ಹೂಳು

ತೇರದಾಳದ ಶೀತಲ ಇರುವೆ ಕಂಡರೂ ಕಾಲು ಎತ್ತಿಡುವ ಮನುಷ್ಯ. ನೀರು ಸೋಸದೆ ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವುದಿಲ್ಲ. ಇಂಥವನಿಗೆ ಜಮಖಂಡಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಜವಾನನ ಕೆಲಸ ಸಿಕ್ಕಿದ್ದು ಹಣೆಬರಹದ ಚೇಷ್ಟೆಯೇ ಸರಿ.

ಈ ಬೇಸಿಗೆಯಲ್ಲಿ ಚಿಮ್ಮಡದ ರೈತ ಗಿರಮಲ್ಲಪ್ಪ ಒಂದು ಚೀಲ ಹೂಳು ತಂದಿಟ್ಟ. ನೂಲಿಗೆ ಬಣ್ಣ ಹಾಕಿದ ನೀರು ಬಂದು ಸೇರುವ ಹಳ್ಳದ್ದು. ಹೊಲಕ್ಕೆ ಹಾಕಬಹುದೇ ಎಂದು ಕೇಳಿದ. ಪಾಠ ಹೇಳುವ ಸುಪ್ರೀತಾ ಮೇಡಂ ಅರ್ಧ ಹೂಳನ್ನು ದ್ರಾವಕದಲ್ಲಿ ಮತ್ತೆ ಮತ್ತೆ ತೊಳೆದು, ಬಣ್ಣದ ವಿಷ ಇಳಿಸಿ, ದ್ರಾವಕದ ವಾಸನೆ ಹೋಗುವ ತನಕ ಒಣಗಿಸಿದರು. ಉಳಿದರ್ಧ ಹಾಗೇ ಇತ್ತು. ಎರಡಕ್ಕೂ ನೀರು ಕಲಸಿ, ಎರಡು ಡಬ್ಬಿಯಲ್ಲೂ ಎರೆಹುಳ ಬಿಟ್ಟರು.

"ತೊಳದದ್ದರಾಗ ಬದುಕಿ, ತೊಳೀಲಾರದ್ದರಾಗ ಸತ್ತರ, ವಿಷ ಬಣ್ಣದ್ದ ಅಂತ ತಿಳೀತೈತಿ," ಎಂದರು.

ಮರುದಿನ ಬೆಳಿಗ್ಗೆ ತೊಳೆಯದ ಡಬ್ಬಿಯ ಹುಳಗಳು ಹೊರಬೀಳಲು ಒದ್ದಾಡುತ್ತಿದ್ದವು. ಶೀತಲ ಸುತ್ತ ಕಣ್ಣಾಡಿಸಿದ. ಯಾರೂ ಇಲ್ಲದ್ದು ನೋಡಿ ಅವನ್ನು ಹೂಗಿಡದ ಬುಡಕ್ಕೆ ಬಿಟ್ಟು, ಬೇರೆ ಹುಳ ತಂದಿಟ್ಟ. ದಿನಾ ಹೀಗೇ ಗಿರಣಿಯವರಂತೆ ಪಾಳಿ ಬದಲಿಸಿದ.

ಕೊನೆಗೆ ಮೇಡಂ ನೋಡಿದರೆ ಎಲ್ಲವೂ ಜೀವಂತ. ಗಿರಮಲ್ಲಪ್ಪನಿಗೆ ಫೋನು ಹಚ್ಚಿ, "ಹಾಕ್ರಿ ಕಾಕಾ, ಅಡ್ಡಿ ಇಲ್ಲ," ಎಂದರು.

"ನಾಳೆನ ಟ್ರ್ಯಾಕ್ಟರ್ ಹಚ್ಚತೇನ್ರಿ. ಬಾವಿ ಮಗ್ಗಲದ ಹೊಲಕ್ಕ ಹಾಕತೇನಿ. ಮನಿಮಂದಿ ಕುಡಿಯೂದೂ ಅದ ಬಾವಿ ನೀರ ನೋಡ್ರಿ."

ಪಕ್ಕದಲ್ಲಿದ್ದ ಶೀತಲನಿಗೂ ಅದು ಕೇಳಿಸಿತು. ಹೇಳಿದರೆ ಕೆಲಸ ಹೋದೀತು, ಹೇಳದಿದ್ದರೆ ಒಂದು ಮನೆಯೇ ವಿಷ ಕುಡಿದೀತು. ಅತ್ತ ದರಿ, ಇತ್ತ ಪುಲಿ. ಹುಳ ಉಳಿಸಲು ಹೋಗಿ ಮನುಷ್ಯರನ್ನು ಕೊಲ್ಲಹೊರಟೆನಲ್ಲ ಎಂದು ಹೆದರಿದ.

"ಮೇಡಂ, ಹುಳ ನಾನ ದಿನಾ ಬದಲಿ ಮಾಡೇನ್ರಿ," ಎಂದ. "ಸಾಯೂದು ನೋಡಾಕ ಆಗಲಿಲ್ರಿ."

ಸುಪ್ರೀತಾ ಬೈಯಲಿಲ್ಲ. ಅದು ಅವನಿಗೆ ಇನ್ನಷ್ಟು ಹೆದರಿಕೆ ತಂದಿತು. ಅವರು ಮೊದಲು ಫೋನು ಮಾಡಿ ಟ್ರ್ಯಾಕ್ಟರ್ ನಿಲ್ಲಿಸಿದರು. ಆಮೇಲೆ ಇವನತ್ತ ತಿರುಗಿ, "ಮತ್ತ ಮೊದಲಿಂದ ಮಾಡೂನು. ಈ ಸಲ ಹುಳ ನೀವ ಬಿಡಬೇಕು, ಶೀತಲಣ್ಣ. ನೀವ ಕಾಯಬೇಕು," ಎಂದರು.

ಶೀತಲ ಒಂದೊಂದೇ ಹುಳ ಎತ್ತಿ ಎರಡು ಡಬ್ಬಿಗೂ ಬಿಟ್ಟ. ತೊಳೆದ ಹೂಳಿನಲ್ಲಿ ಹುಳಗಳು ತೆಪ್ಪಗೆ ಒಳಗಿಳಿದವು. ಇನ್ನೊಂದರಲ್ಲಿ, ಮರುದಿನ, ಡಬ್ಬಿಯ ಗೋಡೆ ಹತ್ತತೊಡಗಿದವು. ಶೀತಲ ಬಾಯಲ್ಲಿ ಣಮೋಕಾರ ಮಂತ್ರ ಹೇಳುತ್ತ, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ನಿಂತ.